ನುಸ್ರತ್ ಫತೇ ಅಲಿ ಖಾನ್: ಈ ‘ನೈಟ್ ಸಾಂಗ್’ ಇಷ್ಟ ದಿನ ಎಲ್ಲಿತ್ರಿ?

ರಾಶಿ_ಕಾವಲು · ಸೋಮವಾರ, ರಾತ್ರಿ 2:10

ಕಾರಟಗಿ ಕಡೆಯಾಂವ ನಾನು. ಭತ್ತ ಕೊಯ್ದು ಹತ್ತು ದಿನ ಆತು, ರೇಟ್ ಏರಲಿ ಅಂತ ರಾಶಿ ಹಂಗ ಬಿಟ್ಟೀವಿ. ರಾತ್ರಿ ಕಾಯೋ ಪಾಳಿ ನಂದು. ತಾಡಪಾಲಿನ ಅಂಚಿಗೆ ಕಲ್ಲು ಹೇರಿ, ಬಾಜೂಕ ಹೊರಸು ಹಾಕ್ಕೊಂಡು, ಕಂಬಳಿ ಹೊದ್ದು ಕುಂದ್ರೋದು. ಕಿವ್ಯಾಗ ಇಯರ್‌ಫೋನ್.

ಪಾಕಿಸ್ತಾನದ ಕವ್ವಾಲಿ ಹಾಡುಗಾರ ನುಸ್ರತ್ ನನಗ ಹೊಸಬಾ ಅಲ್ಲ. ನಮ್ಮ ಮಾವ ಗಂಗಾವತಿಯಿಂದ ಹೈದರಾಬಾದಿಗೆ ಅಕ್ಕಿ ಲೋಡ್ ಹೊಡೀತಿದ್ದ. ಸೂಟಿಯೊಳಗ ನಾನೂ ಕ್ಯಾಬಿನ್‌ನ್ಯಾಗ ಕುಂತು ಹೋಗ್ತಿದ್ದೆ. ಲಾರಿಯೊಳಗ ಇದ್ದದ್ದು ಎರಡ ಕ್ಯಾಸೆಟ್, ಒಂದು ಅಣ್ಣಾವ್ರದ್ದು, ಇನ್ನೊಂದು ಈ ಖಾನ್ ಸಾಹೇಬಂದು. ಹತ್ತು ಮಂದಿ ಚಪ್ಪಾಳಿ ಬಡೀತಾರ, ನಡುವ ಈ ಮನಷ್ಯಾ ಏರಿಸ್ಕೊಂತ ಏರಿಸ್ಕೊಂತ ಹೋಗ್ತಾನ. ಮಾವ ಅಂತಿದ್ದ: ‘ಇಂವ ಇದ್ರ ಚಹಾದ ರೊಕ್ಕ ಉಳೀತೈತಿ, ನಿದ್ದಿ ಹತ್ತಿರ ಸುಳಿಯಂಗಿಲ್ಲ.’

ನಿನ್ನೆ ರಾತ್ರಿ ಹಳೇ ಕವ್ವಾಲಿ ಹಚ್ಚಿದ್ದೆ. ಅದು ಮುಗದ ಮ್ಯಾಲೆ ಆ್ಯಪ್ ತಾನ ಇನ್ನೊಂದು ಹಚ್ಚತು. ಚಪ್ಪಾಳಿ ಇಲ್ಲ. ಕೋರಸ್ ಇಲ್ಲ. ಕರೆಂಟಿನ ತಂತಿಯಾಗ ಗಾಳಿ ಹಾದಂಗ ಉದ್ದಕ ಒಂದು ಸಪ್ಪಳ, ಅದರ ಮ್ಯಾಲೆ ತಗ್ಗಿನ ದನಿ. ಬ್ಯಾರೆ ಯಾರೋ ಇರಬೇಕಂತ ಫೋನ್ ಎತ್ತಿ ನೋಡಿದ್ರ ಅವಂದ ಹೆಸರು! ಎಂಟು ಹಾಡು. ಎರಡು ಸರ್ತಿ ಕೇಳ್ದೆ, ಮೂರನೇದಕ್ಕ ಬ್ಯಾಟರಿ ಸತ್ತಿತು. ಮಾತು ಒಂದೂ ತಿಳಿಲಿಲ್ಲ. ಆದ್ರ ಅವ ಉಸಿರು ತಗೊಳ್ಳೋದು ಕೇಳಿಸ್ತಿತ್ರಿ. ಲಾರಿಯೊಳಗ ಇಷ್ಟು ವರ್ಷ ಕೇಳೀನಿ, ಇಂವ ಉಸಿರಾಡತಾನ ಅಂತ ಒಮ್ಮಿನೂ ಅನಿಸಿರಲಿಲ್ಲ.

ಇದರ ಬಗ್ಗೆ ಯಾರಿಗರ ಗೊತ್ತೈತೇನು? ಇಂಥವು ಇನ್ನೂ ಅದಾವೇನು? ನಮ್ಮ ಕಡೆ ಯಾರ ಬಾಯಾಗೂ ಈ ಹೆಸರು ಕೇಳಿಲ್ಲಲ್ಲ, ಯಾಕ?

ಅಂದಂಗ ನನ್ನ ಇಯರ್‌ಫೋನಿನ ಬಲಗಡಿದು ಸತ್ತು ಎರಡು ತಿಂಗಳಾತು. ಎಲ್ಲಾ ಎಡಗಿವಿ ಒಂದರಾಗ ಕೇಳಿದ್ದು.

ಬಳ್ಳಾರಿ_ಬಿಸ್ಲು · ಮಂಗಳವಾರ, ಬೆಳಿಗ್ಗೆ 6:52

ಅರ್ಧ ಆಲ್ಬಂ ಕೇಳಿ ಪೂರ್ತಿ ಪೋಸ್ಟ್ ಹಾಕಿದೀಯಲ್ಲಣ್ಣ 😂

ರಾಶಿ_ಕಾವಲು · 7:05

ಅರ್ಧಕ್ಕ ಹಿಂಗಾಗೇತಿ, ಪೂರ್ತಿ ಕೇಳಿದ್ರ ರಾಶಿ ಕಳ್ಳರಿಗೆ ಬಿಟ್ಟು ಕುಂದ್ರತಿದ್ದೆ.

ಹಳೇ_ಕ್ಯಾಸೆಟ್ · 8:30

ನನ್ನ ಹತ್ರ ಇದರ ಸಿಡಿ ಇದೆ. ಹೈದರಾಬಾದಿನ ಆಬಿಡ್ಸ್‌ನಲ್ಲಿ ತಗೊಂಡಿದ್ದು. ಅಂಗಡಿಯವನು ‘ಇದು ಹೋಗೋದಿಲ್ಲ ಸಾರ್, ಬೇಕಾದ್ರೆ ಒಯ್ಯಿರಿ’ ಅಂತ ಅರ್ಧ ರೇಟಿಗೆ ಕೊಟ್ಟ.

ಪೂರ್ತಿ ಕತೆ ಹೇಳ್ತೀನಿ ಕೇಳಿ. ನುಸ್ರತ್ 1985ರಲ್ಲಿ ಇಂಗ್ಲೆಂಡಿನ ವೊಮ್ಯಾಡ್ ಉತ್ಸವದಲ್ಲಿ ಹಾಡಿದರು. ಅದರ ಹಿಂದೆ ಇದ್ದವರು ಅಲ್ಲಿನ ರಾಕ್ ಗಾಯಕ ಪೀಟರ್ ಗೇಬ್ರಿಯಲ್. ಆಮೇಲೆ ಅವರದೇ ರಿಯಲ್ ವರ್ಲ್ಡ್ ಕಂಪನಿಯಿಂದ ಕವ್ವಾಲಿ ರೆಕಾರ್ಡುಗಳು ಬಂದವು. ಅಲ್ಲೇ ಕೆನಡಾದ ಗಿಟಾರ್ ವಾದಕ ಮೈಕಲ್ ಬ್ರೂಕ್ ಜತೆಗೂಡಿ 1990ರಲ್ಲಿ ‘ಮಸ್ತ್ ಮಸ್ತ್’ ಮಾಡಿದರು. ಅದು ಗೊತ್ತಿಲ್ಲದವರಿಲ್ಲ. ಅದೇ ಇಬ್ಬರು 1996ರಲ್ಲಿ ಮತ್ತೆ ಕೂತು ಮಾಡಿದ್ದೇ ‘ನೈಟ್ ಸಾಂಗ್’.

ಯಾರ ಬಾಯಲ್ಲೂ ಯಾಕಿಲ್ಲ ಅಂದಿರಿ. ಅದೇ 1996ರಲ್ಲಿ ನಮ್ಮಲ್ಲಿ ಜಾವೇದ್ ಅಖ್ತರ್ ಸಾಹಿತ್ಯದ ‘ಸಂಗಮ್’ ಬಂತು. ‘ಆಫ್ರೀನ್ ಆಫ್ರೀನ್’ ಟಿವಿ ತುಂಬಾ. ಆ ಗದ್ದಲದಲ್ಲಿ ಇದನ್ನ ಕೇಳೋರು ಯಾರು? ಮರುವರ್ಷ ಆಗಸ್ಟ್ 16ಕ್ಕೆ ಮನುಷ್ಯನೇ ಹೋಗಿಬಿಟ್ಟ. 48 ವಯಸ್ಸು ಅಷ್ಟೆ.

ಪಿಯು_ಪಾಸ್ · 8:41

ಆಫ್ರೀನ್ ಇವರದಾ?? ಕೋಕ್ ಸ್ಟುಡಿಯೋದವರದು ಅಂದ್ಕೊಂಡಿದ್ದೆ

ಹಳೇ_ಕ್ಯಾಸೆಟ್ · 8:43

ಅಯ್ಯೋ ದೇವರೇ.

ಕವ್ವಾಲಿ_ಕಟ್ಟಾ · 9:15

ನಾನು ರಾಯಚೂರಿನವ. ನಮ್ಮ ಅಬ್ಬಾ ಕೈ ಹಿಡ್ಕೊಂಡು ಗುಲ್ಬರ್ಗಾದ ಬಂದೇ ನವಾಜ್ ಉರುಸಿಗೆ ಕರಕೊಂಡು ಹೋಗ್ತಿದ್ರು, ಆಗಿಂದ ಕವ್ವಾಲಿ ಕೇಳ್ಕೊಂತ ಬಂದೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ ಭಾಯ್, ಇದು ಕವ್ವಾಲಿನೇ ಅಲ್ಲ.

ಕವ್ವಾಲಿ ಒಬ್ಬಂದಲ್ಲ, ಪಾರ್ಟಿದು, ಅಂದ್ರ ಇಡೀ ಮೇಳದ್ದು. ಮೊದಲ ಹಮ್ದ್, ಅಂದ್ರ ಅಲ್ಲಾಹನ ಸ್ತುತಿ. ಆಮ್ಯಾಲೆ ನಾತ್, ಅದು ಪ್ರವಾದಿಯ ಸ್ತುತಿ. ಆಮ್ಯಾಲೆ ಮನ್ಕಬತ್, ಅದು ಹಜರತ್ ಅಲಿ, ಸೂಫಿ ಸಂತರ ಸ್ತುತಿ. ಅದಕ್ಕ ಒಂದು ಅದಬ್, ಒಂದು ರೀತಿ ರಿವಾಜು ಅದ. ಮುಂದಿನ ಸಾಲಿನಾಗ ಹಾರ್ಮೋನಿಯಂ, ಹಿಂದ ಚಪ್ಪಾಳಿ ಹೊಡೆಯೋರು. ಎದುರಿಗೆ ಕುಂತವ ಎದ್ದು ಬಂದು ನೋಟು ಇಡ್ತಾನ, ಅವ ಯಾವ ಸಾಲಿಗೆ ನೋಟು ಇಟ್ಟನೋ ಆ ಸಾಲನ್ನ ಕವ್ವಾಲ್ ಮತ್ತ ಮತ್ತ ತಿರುಗಿಸ್ತಾನ. ಕೇಳೋರು ಇಲ್ಲಂದ್ರ ಕವ್ವಾಲಿ ಇಲ್ಲ. ಕತ್ತಲ ಕೋಣ್ಯಾಗ ಗಿಟಾರಿನವನ ಜೋಡಿ ಕುಂತು ಗುನುಗಿದ್ರ ಅದು ನಿದ್ದಿ ಗುಳಿಗಿ.

ಇನ್ನೊಂದು. ‘ಮಸ್ತ್ ಮಸ್ತ್’ ಮಾಡೂ ಮುಂದ ಆ ಬ್ರೂಕ್ ಏನ್ ಮಾಡಿದ್ದ ಗೊತ್ತದೇನು? ಟೇಪ್ ಎಡಿಟ್ ಮಾಡಾಕ ಹೋಗಿ ಸಾಲನ್ನ ನಡಾರ ಕತ್ತರಿಸಿದ್ದ. ಮಾತಿಗೆ ಅರ್ಥನೇ ಇಲ್ಲದಂಗ ಆಗಿ ಖಾನ್ ಸಾಹೇಬರು ಒಪ್ಪಲಿಲ್ಲ, ಮತ್ತ ಸರಿ ಮಾಡಿಸಿದ್ರು. ಭಾಷಾ ಗೊತ್ತಿಲ್ಲದವನ ಕೈಯಾಗ ಕತ್ತರಿ ಕೊಟ್ರ ಹಿಂಗ.

ಬಳ್ಳಾರಿ_ಬಿಸ್ಲು · 9:22

ಸರಿ ಮಾಡ್ಸಿದ್ರಲ್ಲ ಭಾಯ್, ಅಷ್ಟಾದ್ಮೇಲೂ ಅವನ ಜೊತೆ ಇನ್ನೊಂದು ಆಲ್ಬಂ ಮಾಡಿದಾರೆ ಅಂದ್ರೆ ಖಾನ್ ಸಾಹೇಬ್ರಿಗೇ ಸಿಟ್ಟಿರ್ಲಿಲ್ಲ, ನಿಮಗ್ಯಾಕೆ?

ಕವ್ವಾಲಿ_ಕಟ್ಟಾ · 9:30

ಸಿಟ್ಟಲ್ಲ. ಬಿರಿಯಾನಿ ಅಂತ ಬೋರ್ಡ್ ಹಾಕಿ ಚಿತ್ರಾನ್ನ ಕೊಟ್ರ ಏನಂತೀರಿ?

ಬಳ್ಳಾರಿ_ಬಿಸ್ಲು · 9:31

ಚಿತ್ರಾನ್ನ ಚೆನ್ನಾಗಿದ್ರೆ ತಿಂತೀನಿ.

ಹಳೇ_ಕ್ಯಾಸೆಟ್ · 9:50

ಆದರೆ ಬೋರ್ಡ್‌ನಲ್ಲಿ ಕವ್ವಾಲಿ ಅಂತ ಎಲ್ಲಿ ಬರೆದಿದ್ದಾರೆ ಭಾಯ್? ಗ್ರ್ಯಾಮಿಯವರು ಕೂಡ ಬೇರೆ ಬೇರೆ ಇಟ್ಟಿದ್ದರು. 1997ರಲ್ಲಿ ಅವರ ಇನ್ನೊಂದು ಆಲ್ಬಂ ಸಾಂಪ್ರದಾಯಿಕ ಜಾನಪದ ವಿಭಾಗಕ್ಕೂ ಇದು ವರ್ಲ್ಡ್ ಮ್ಯೂಸಿಕ್ ವಿಭಾಗಕ್ಕೂ ನಾಮನಿರ್ದೇಶನ ಆಗಿತ್ತು. ಒಂದೇ ವರ್ಷ, ಒಂದೇ ಗಂಟಲು, ಎರಡು ಕಪಾಟು.

ಸೌಂಡ್‌ಬಾಕ್ಸ್_ಸಿಂಧನೂರು · 11:20

ನಾನು ಮದುವಿ, ಜಾತ್ರಿಗೆ ಮೈಕ್ ಸೆಟ್ ಕೊಡಾಂವ. ಕವ್ವಾಲಿ ಹೌದೋ ಅಲ್ಲೋ ನನಗ ಬ್ಯಾಡ, ಎಡಗಿವಿ ವಿಷಯ ಹೇಳ್ತೀನಿ.

ಸ್ಟೀರಿಯೋದಾಗ ಹಾಡಾಂವನ ದನಿ ಬಹಳ ಮಾಡಿ ನಟ್ಟನಡುವ ಇಡ್ತಾರ, ಅಂದ್ರ ಎಡಕ್ಕೂ ಬಲಕ್ಕೂ ಸಮ. ವಾದ್ಯಗಳನ್ನ ಅತ್ತಿತ್ತ ಹಂಚತಾರ. ನೀವು ಎಡಗಿವ್ಯಾಗಷ್ಟ ಕೇಳಿದ್ರಿ. ದನಿ ಪೂರ್ತಿ ಬಂತು, ಬಲಗಡಿ ಇಟ್ಟಿದ್ದ ವಾದ್ಯ ಹೋದ್ವು. ಹಿಂಗಾಗಿ ನಿಮಗ ಅದು ಇದ್ದದ್ದಕ್ಕಿಂತ ಸಣ್ಣಗ, ಇನ್ನೂ ಒಂಟಿ ಅನಿಸೇತಿ. ಫೋನಿನ ಸೆಟ್ಟಿಂಗ್ಸ್‌ನ್ಯಾಗ ಆಕ್ಸೆಸಿಬಿಲಿಟಿಗೆ ಹೋಗಿ ‘ಮೋನೋ’ ಅಂತ ಇರ್ತೈತಿ, ಆನ್ ಮಾಡ್ರಿ. ಎರಡೂ ಕಡಿದು ಒಂದ ಕಿವ್ಯಾಗ ಬರ್ತೈತಿ.

ಉಸಿರು ಕೇಳಿಸ್ತು ಅಂದ್ರಲ್ಲ, ಅದಕ್ಕೂ ಕಾರಣ ಐತಿ. ಮೈಕಿಗೆ ಬಾಯಿ ಹತ್ರ ತಂದಷ್ಟು ತಗ್ಗಿನ ದನಿ ದಪ್ಪ ಆಗ್ತೈತಿ. ಎಲ್ಲಾ ಮೈಕ್ ಅಲ್ಲ, ಒಂದ ದಿಕ್ಕಿಂದ ಹಿಡಿಯೋ ಮೈಕ್ ಹಂಗ. ಮದುವ್ಯಾಗ ಕೆಲವು ಮಂದಿ ಮೈಕ್ ನುಂಗೋರಂಗ ಹಿಡಕೊಂಡು ‘ಆತ್ಮೀಯ ಬಂಧುಗಳೇ’ ಅಂತಾರ ನೋಡ್ರಿ, ಅದ. ಅವರದು ಕೇಳಾಕ ಆಗಂಗಿಲ್ಲ, ಈ ಖಾನ್ ಹತ್ರ ಬಂದ್ರ ಬಾಜೂಕ ಕುಂತಂಗ ಆಗ್ತೈತಿ.

ಇನ್ನ ಆ ಗಾಳಿ ತಂತಿ ಸಪ್ಪಳ. ಬ್ರೂಕ್ ‘ಇನ್ಫಿನಿಟ್ ಗಿಟಾರ್’ ಅಂತ ಒಂದು ಮಾಡ್ಯಾನ. ಮಾಮೂಲಿ ಗಿಟಾರ್ ಮೀಟಿದ್ರ ಸ್ವರ ಇಳೀತಾ ಹೋಗ್ತೈತಿ. ಇದರಾಗ ತಂತಿಯ ನಡುಕನ್ನ ಕರೆಂಟಿಂದ ಮತ್ತ ತಂತಿಗೇ ತಿರುಗಿ ಉಣಿಸ್ತಾರ. ಬೆರಳು ತಗಿಯೂ ತನಕ ಸ್ವರ ನಿಲ್ಲಂಗಿಲ್ಲ. ಯೂಟೂ ಬ್ಯಾಂಡಿನವರು 1987ರಾಗ ಇದನ್ನ ತಗೊಂಡು ನುಡಿಸ್ಯಾರ.

ಮಾನ್ವಿ_ಮಾಸ್ತರು · 12:05

ಅಂದರೆ ಶ್ರುತಿಪೆಟ್ಟಿಗೆ ಕೆಲಸವನ್ನ ಗಿಟಾರಿಗೆ ಹಚ್ಚಿದಾನೆ ಅನ್ನಿ.

ಸೌಂಡ್‌ಬಾಕ್ಸ್_ಸಿಂಧನೂರು · 12:07

ಕರೆಕ್ಟ್ ಸರ್. ನಾನು ಅಷ್ಟುದ್ದ ಬರದೆ, ನೀವು ಒಂದ ಸಾಲಿನಾಗ ಮುಗಿಸಿದ್ರಿ.

ಗಂಗಾವತಿ_ಸೋನಾ · 12:40

ಅದೆಲ್ಲಾ ಇರ್ಲಿ, ಕಾರಟಗಿ ಅಣ್ಣ, ಭತ್ತ ಯಾವುದು? 75 ಕೆಜಿ ಚೀಲಕ್ಕ ಎಷ್ಟು ಕೇಳ್ತಾರ?

ರಾಶಿ_ಕಾವಲು · 12:58

ಸೋನಾ ಮಸೂರಿ. ಕೇಳೋ ರೇಟ್ ಹೇಳಾಕ ನಾಚಿಕಿ ಬರ್ತೈತಿ. ದಲ್ಲಾಳಿ ಬಂದು ಕಾಳು ಹಲ್ಲಿಗೆ ಹಾಕಿ ಕಟಂ ಅನ್ನಿಸಿ ‘ಇನ್ನೂ ಹಸಿ ಐತಿ’ ಅಂತ ಹೋದ. ಹತ್ತು ದಿನದ ಬಿಸಿಲು ಕಂಡಾವು, ಹಸಿ ಅಂತ.

ಗಂಗಾವತಿ_ಸೋನಾ · 13:01

ಅವರ ಹಲ್ಲಿಗೆ ಮೀಟರ್ ಇಟ್ಟಾರ, ನಮಗ ಬೇಕಾದಾಗ ತೋರಸಂಗಿಲ್ಲ.

ಕೊಪ್ಪಳದಕ್ಕ · 15:10

ಬೆಳಿಗ್ಗೆ ಈ ಪೋಸ್ಟ್ ಓದಿ ಅಡಿಗಿ ಮಾಡ್ಕೊಂತ ಹಚ್ಚಿದೆ. ಏನೂ ಅನಿಸಲಿಲ್ಲ. ಮಿಕ್ಸರ್ ಸಪ್ಪಳದಾಗ ಇದ್ರೂ ಅಷ್ಟ ಇಲ್ಲದಿದ್ರೂ ಅಷ್ಟ. ಇದೇನು ದೊಡ್ಡದು ಅಂತ ಬಂದ್ ಮಾಡಿದೆ. ಮಧ್ಯಾಹ್ನ ಎಲ್ಲಾರೂ ಉಂಡು ಮಲಗಿದ ಮ್ಯಾಲೆ, ಫ್ಯಾನೂ ನಿಲ್ಲಿಸಿ (ಕರೆಂಟ್ ಹೋಗಿತ್ತು, ನಾ ನಿಲ್ಲಿಸಿಲ್ಲ) ಮತ್ತ ಕೇಳಿದೆ.

ಒಂದು ಮಾತು ಹೇಳ್ತೀನಿ. ನೀವೆಲ್ಲ ಸಣ್ಣ ದನಿ ಸಣ್ಣ ದನಿ ಅನ್ನಾಕಹತ್ತೀರಿ, ಅದು ಅಷ್ಟು ಖರೇ ಅಲ್ಲ. ಅವರು ಅಲ್ಲಲ್ಲಿ ಏರಸ್ತಾರ, ಚೆಂದಾಗೇ ಏರಸ್ತಾರ. ಏರಿಸಿದಾಗ ವಾದ್ಯ ಅವರ ಹಿಂದ ಓಡಂಗಿಲ್ಲ, ತಾ ಇದ್ದಲ್ಲೇ ಇರ್ತದ. ಹಂಗಾಗಿ ಅವರು ಮ್ಯಾಲೆ ಹೋಗಿ ಒಬ್ಬರೇ ನಿಂತು ಇಳಿದು ಬರ್ತಾರ. ಕವ್ವಾಲಿಯಾಗ ಅವರು ಏರಿದ್ರ ಕೆಳಗ ಹತ್ತು ಮಂದಿ ಜೋಳಗಿ ಹಿಡಕೊಂಡು ನಿಂತಿರ್ತಾರಲ್ಲ.

ಮತ್ತ ಕಟ್ಟಾ ಭಾಯ್, ನಿದ್ದಿ ಗುಳಿಗಿ ಅಂದ್ರಲ್ಲ, ನಮ್ಮ ಅತ್ತಿಗೆ ವರ್ಷಾನುಗಟ್ಟಲೆ ಮಧ್ಯಾಹ್ನ ನಿದ್ದಿ ಇಲ್ಲ. ಇವತ್ತು ಮೂರನೇ ಹಾಡಿಗೆ ಗೊರಕಿ. ಗುಳಿಗಿಯಾದ್ರೂ ಫುಕಟ್ ಐತಿ.

ಕವ್ವಾಲಿ_ಕಟ್ಟಾ · 15:31

ಅಕ್ಕಾ, ಜೋಳಗಿ ಮಾತು ಖರೇ ಅದ. ಕೋರಸ್‌ನವರು ಇರೋದೇ ಅದಕ್ಕ. ಅವರು ಸಾಲು ಹಿಡದಾಗ ಮುಂದಿನವ ಉಸಿರು ತಗೋತಾನ, ನೀರು ಕುಡೀತಾನ, ಮುಂದಿನ ಸಾಲು ಯಾವುದಂತ ನೋಡ್ತಾನ. ನಿಮಗ ಅವನ ಉಸಿರು ಕೇಳಸಂಗಿಲ್ಲ, ಯಾಕಂದ್ರ ಅದರ ಮ್ಯಾಲೆ ಎಂಟು ಮಂದಿ ದನಿ ಬಿದ್ದಿರ್ತದ. ತಮ್ಮ ಫರ್ರುಖ್ ಹಾರ್ಮೋನಿಯಂ, ದಿಲ್ದಾರ್ ಹುಸೇನ್ ತಬಲಾ, ಎಲ್ಲಾ ಒಂದ ಮನಿ ಆಗಿಬಿಟ್ಟಿತ್ತು. ಆ ಪಾರ್ಟಿಯ ಗದ್ದಲ ಬಿಟ್ಟು ಕುಂತಾರ ಅಂತ ನನಗ ಹೊಟ್ಯಾಗ ಕಲಸ್ತದ, ಅಷ್ಟ.

ಮಾನ್ವಿ_ಮಾಸ್ತರು · 17:45

ಶಾಲೆ ಬಿಟ್ಟು ಈಗ ಬಂದೆ. ಜಗನ್ನಾಥದಾಸರ ಊರಿನವನು ನಾನು, ನಮ್ಮಲ್ಲಿ ಬೆಳಗಾದರೆ ದಾಸರಪದ. ಭೀಮಸೇನ ಜೋಶಿಯವರ ದಾಸವಾಣಿ ಕೇಳದ ಕಿವಿ ಇಲ್ಲ ಇಲ್ಲಿ. ಆದರೆ ಗುಡಿಯ ಹಾರ್ನ್‌ನಲ್ಲಿ ಕೇಳಿದ್ದೇ ಬೇರೆ, ಮನೆಯಲ್ಲಿ ರೇಡಿಯೋಗೆ ಕಿವಿ ಹಚ್ಚಿ ಕೇಳಿದ್ದೇ ಬೇರೆ. ಅದೇ ಹಾಡು ನೋಡಿ. ಹಾರ್ನ್ ಕಟ್ಟಿದ ಮೇಲೆ ಪದಕ್ಕೆ ಸೂಕ್ಷ್ಮ ಅನ್ನೋದೇ ಉಳಿಯಲ್ಲ.

ಇನ್ನೊಬ್ಬರ ನೆನಪಾಯ್ತು, ಕುಮಾರ ಗಂಧರ್ವರು. ನಮ್ಮವರೇ, ಬೆಳಗಾವಿ ಜಿಲ್ಲೆ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಹುಡುಗನಿದ್ದಾಗಲೇ ಸಭೆ ಗೆದ್ದವರಿಗೆ ಕ್ಷಯ ಬಂತು. 1948ರಲ್ಲಿ ಹವಾ ಬದಲಾಗಲಿ ಅಂತ ಮಧ್ಯಪ್ರದೇಶದ ದೇವಾಸಿಗೆ ಹೋದರು. ವರ್ಷಗಟ್ಟಲೆ ಹಾಡೋ ಹಾಗಿಲ್ಲ ಅಂತ ಡಾಕ್ಟರ್ ತಾಕೀತು. ಮಲಗಿದಲ್ಲೇ ಮಾಳವದ ಹೆಣ್ಣುಮಕ್ಕಳ ಹಾಡು, ಭಿಕ್ಷೆಗೆ ಬರೋ ನಾಥ ಜೋಗಿಗಳ ಹಾಡು ಕೇಳುತ್ತಾ ಇದ್ದರು. ಎದ್ದು ಕೂತಾಗ ಒಂದು ಶ್ವಾಸಕೋಶ ಕೆಲಸಕ್ಕಿಲ್ಲ. ಉದ್ದ ತಾನಿನ ಬದಲು ಸಣ್ಣ ಸಣ್ಣ ತುಂಡು, ನಡುವೆ ನಿಶ್ಶಬ್ದ. ಅವರ ನಿರ್ಗುಣಿ ಭಜನೆಗಳನ್ನ, ಅಂದರೆ ರೂಪವಿಲ್ಲದ ದೇವರ ಮೇಲಿನ ಪದಗಳನ್ನ ಕೇಳಿ. ರಾಶಿ ಕಾವಲಿಗೆ ಅದಕ್ಕಿಂತ ಒಳ್ಳೇ ಜೊತೆ ಸಿಗಲ್ಲ.

ಹಳೇ_ಕ್ಯಾಸೆಟ್ · 18:10

ಮಾಸ್ತರೇ, ಹೋಲಿಕೆ ಅಷ್ಟು ಕೂಡಲ್ಲ. ಕುಮಾರರಿಗೆ ಬೇರೆ ದಾರಿ ಇರಲಿಲ್ಲ. ಇವರಿಗೆ ಇತ್ತು. ಒಂದು ಕೈಯಲ್ಲಿ ಇದನ್ನು ಮಾಡ್ತಾ ಇನ್ನೊಂದು ಕೈಯಲ್ಲಿ ಪಾರ್ಟಿ ಕಟ್ಟಿಕೊಂಡು ಊರೂರು ತಿರುಗ್ತಿದ್ದರು.

ಮಾನ್ವಿ_ಮಾಸ್ತರು · 18:22

ಒಪ್ಪಿದೆ. ಕಾರಣ ಬೇರೆ. ಆದರೆ ಕೇಳೋರಿಗೆ ಆಗೋದು ಹತ್ರಹತ್ರ ಒಂದೇ. ಹಾಡಿನಷ್ಟೇ ನಿಲುಗಡೆಯೂ ಕೇಳುತ್ತೆ.

ಹಾಗೇ ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನವನ್ನೂ ಹುಡುಕಿ ಕೇಳಿ. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಒಳಗೆ ಕಾರ್ಯಕ್ರಮಕ್ಕೆ ಬಂದ ಹುಡುಗರನ್ನ ‘ಇವರು ಯಾರು’ ಅಂತ ಕೇಳಿದ್ರೆ ‘ದಾನಿ ಇರಬೇಕು ಸಾರ್’ ಅಂದ್ರು.

ಪಿಯು_ಪಾಸ್ · 18:25

ಸಾರ್ ನಾನೂ ಹಾಗೇ ಅಂದ್ಕೊಂಡಿದ್ದೆ 🙏

ಮುದಗಲ್_ಅಲಾಯಿ · 21:50

ಕಟ್ಟಾ ಭಾಯ್ ‘ಕೇಳೋರು ಇಲ್ಲಂದ್ರ ಕವ್ವಾಲಿ ಇಲ್ಲ’ ಅಂದಾರ. ಅದಕ್ಕೊಂದು ಹೇಳ್ತೀನಿ.

ನಮ್ಮೂರ ಮೊಹರಂ ನೋಡಾಕ ಎಲ್ಲೆಲ್ಲಿಂದಲೋ ಮಂದಿ ಬರ್ತಾರ, ಗೊತ್ತಿದ್ದದ್ದ. ಹಗಲು ಹಲಗಿ ಬಡಿತ, ಅಲಾಯಿ ಕುಣಿತ, ಸಕ್ಕರಿ ಓದಿಕಿ, ಮಣ್ಣು ಕಾಣದಷ್ಟು ಮಂದಿ. ರಿವಾಯತ್ ಪದ, ಅಂದ್ರ ಮೊಹರಂ ಹಾಡು ಹೇಳೋ ಮೇಳ ಎರಡು ಎದುರಾದ್ರ ಸವಾಲ್ ಜವಾಬ್, ಗಂಟಲು ಹರಕೊಂಡು ಹಾಡ್ತಾರ. ನಮ್ಮ ಮುತ್ಯಾ ಒಂದು ಮೇಳದಾಗ ಮುಂದಾಳು. ಲಿಂಗಾಯತರ ಮನಿಯಾಂವ, ಹಸೇನ್ ಹುಸೇನರ ಪದ ಅವನ ಬಾಯಾಗ.

ಒಂದು ವರ್ಷ ಕತಲ್ ರಾತ್ರಿ ಮುಗದು ಎಲ್ಲಾರೂ ಹೋಗಿದ್ರು. ಬೆಳಕಾಗಾಕ ಬಂದಿತ್ತು. ಅಲಾಯಿ ಕುಣಿಯಾಗ ಕೆಂಡ ಬೂದಿ ಹಿಡದಿತ್ತು. ಮುತ್ಯಾ ಕಟ್ಟಿ ಮ್ಯಾಲೆ ಕುಂತು, ಕಾಲಿನ ಗೆಜ್ಜಿ ಬಿಚ್ಚಿಕೊಂತ ಅದ ಪದ ಹೇಳಾಕಹತ್ತಿದ್ದ. ಹಗಲು ಒದರಿ ಒದರಿ ದನಿ ಬಿದ್ದಿತ್ತು, ಗಾಳಿಯಷ್ಟ ಬರ್ತಿತ್ತು. ನಾನು ಹಿಂದ ಇದ್ದದ್ದು ಅವಗ ಗೊತ್ತಿರಲಿಲ್ಲ. ಗೆಜ್ಜಿ ಗಂಟು ಬಿಚ್ಚವಲ್ದು, ಹಾಡಿನ ನಡುವ ಅದಕ್ಕ ಬೈತಿದ್ದ, ಮತ್ತ ಸಾಲು ಹಿಡೀತಿದ್ದ. ಅದು ರಿವಾಯತ್ ಅಲ್ಲೇನು ಭಾಯ್?

ಕವ್ವಾಲಿ_ಕಟ್ಟಾ · 22:14

ಹೌದು. ಅದು ರಿವಾಯತ್.

ಬಳ್ಳಾರಿ_ಬಿಸ್ಲು · 22:15

ಭಾಯ್ ಸೋತ್ರು ಗುರೂ, ಸ್ಕ್ರೀನ್‌ಶಾಟ್ ತಗೊಳ್ಳಿ

ಕವ್ವಾಲಿ_ಕಟ್ಟಾ · 22:20

ಸೋತಿಲ್ಲ. ಮುತ್ಯಾಂದು ರಿವಾಯತ್ ಅಂದೆ, ಗಿಟಾರಿನವಂದು ಕವ್ವಾಲಿ ಅಂದಿಲ್ಲ.

ಪಿಯು_ಪಾಸ್ · 22:40

ಡಿಜೆ ಹಚ್ಚೋರಿಗೆ ಈ ಪೋಸ್ಟ್ ಟ್ಯಾಗ್ ಮಾಡ್ಬೇಕು. ನಮ್ಮ ಓಣಿಯಲ್ಲಿ ಗಣಪತಿಗೆ ಬೇಸ್ ಬಡಿತಕ್ಕೆ ಅಲಮಾರಿ ಗ್ಲಾಸ್ ಒಡೆದಿದೆ

ಸೌಂಡ್‌ಬಾಕ್ಸ್_ಸಿಂಧನೂರು · 22:48

ನನ್ನ ಕಡೆ ನೋಡಬ್ಯಾಡ್ರಿ. ನಾನು ಕಮ್ಮಿ ಇಡ್ತೀನಿ ಅಂದ್ರ ‘ಸೌಂಡ್ ಇಲ್ಲ, ರೊಕ್ಕ ಕೊಡಂಗಿಲ್ಲ’ ಅಂತಾರ. ಒಂದ್ಸಲ ಕಮ್ಮಿ ಇಟ್ಟಿದ್ದಕ್ಕ ಅರ್ಧ ರೊಕ್ಕ ಮುರಕೊಂಡಾರ.

ರಾಶಿ_ಕಾವಲು · ಗುರುವಾರ, ರಾತ್ರಿ 11:35

ಎಲ್ಲಾರಿಗೂ ನಮಸ್ಕಾರ. ಎರಡು ದಿನ ಬರಾಕ ಆಗಿಲ್ಲ. ಬಸ್‌ಸ್ಟ್ಯಾಂಡಿನ್ಯಾಗ 150 ರೂಪಾಯಿ ಕೊಟ್ಟು ಹೊಸ ಇಯರ್‌ಫೋನ್ ತಂದೆ. ನಿನ್ನೆ ರಾತ್ರಿ ಎರಡೂ ಕಿವ್ಯಾಗ ಇಟ್ಕೊಂಡು ಮೊದಲಿಂದ ಕೇಳ್ದೆ.

ಸೌಂಡ್‌ಬಾಕ್ಸ್ ಅಣ್ಣಾರು ಹೇಳಿದ್ದು ನೂರಕ್ಕ ನೂರು. ಬಲಗಡಿ ಏನೇನೋ ಐತಿ! ನನಗ ಗೊತ್ತ ಇರದ ಸಣ್ಣ ಸಣ್ಣ ತಾಳ, ಒಂದು ತಂತಿ ವಾದ್ಯ ಹನಿ ಬಿದ್ದಂಗ. ಅದು ಏನ್ರಿ? ಖರೇ ಹೇಳ್ತೀನಿ, ಮೊದಲನೇ ರಾತ್ರಿಯಷ್ಟು ಹಿಡಸಲಿಲ್ಲ. ಕ್ವಾಣಿ ತುಂಬ ಸಾಮಾನು ಇಟ್ಟಂಗ ಆತು. ಅಕ್ಕಾರು ಹೇಳಿದ್ದೂ ಈಗ ತಿಳೀತು, ಅವ ಏರಿಸಿದಾಗ ಉಳದಾವು ಇದ್ದಲ್ಲೇ ಇರ್ತಾವು.

ಬಾಜೂಕಿನ ರಾಶಿ ಕಾಯೋ ಕಾಕಾ ಬೀಡಿಗೆ ಬೆಂಕಿ ಕೇಳಾಕ ಬಂದ. ಬಲಗಿವಿದು ತಗದು ಅವನ ಕಿವ್ಯಾಗ ಇಟ್ಟೆ. ಹಿಂದ ಹಮಾಲಿ ಮಾಡ್ತಿದ್ದ, ನಮ್ಮ ಮಾವನ ಲಾರಿಗೂ ಚೀಲ ಹೇರ್ಯಾನ. ತ್ವಾಡೆ ಹೊತ್ತು ಕೇಳಿ ‘ಯಾರಿಂವ?’ ಅಂದ. ‘ಲಾರಿಯೊಳಗ ಹಚ್ಚತಿದ್ದನಲ್ಲ ಮಾವ, ಅಂವನ’ ಅಂದೆ. ನಂಬಲಿಲ್ಲ. ಇನ್ನೊಂದು ಹಾಡು ಪೂರ್ತಿ ಕೇಳ್ದ. ಬೀಡಿ ಆರಿಹೋಗಿತ್ತು. ಆಮ್ಯಾಲೆ ‘ಏನಾಗೇತಿ ಅವಗ, ಮೈಯಾಗ ಹುಷಾರಿಲ್ಲೇನು?’ ಅಂತ ಕೇಳ್ದ. ನಾ ಏನ್ ಹೇಳ್ಲಿ? ಹೋಗಿ ಬಹಳ ವರ್ಷ ಆತು ಕಾಕಾ ಅಂದೆ. ‘ಹಂಗಾರ ಸರಿ’ ಅಂದ. ಯಾಕ ಸರಿ ಅಂದ ಅಂತ ಇನ್ನೂ ತಿಳಿವಲ್ದು.

ಹಳೇ_ಕ್ಯಾಸೆಟ್ · 11:48

ಆ ಹನಿ ಬಿದ್ದ ಹಾಗಿರೋದು ಕೋರಾ ಇರಬೇಕು. ಪಶ್ಚಿಮ ಆಫ್ರಿಕಾದ್ದು, ದೊಡ್ಡ ಸೋರೆ ಬುರುಡೆಗೆ 21 ತಂತಿ. ಈ ಆಲ್ಬಂನಲ್ಲಿ ಬಳಸಿದ್ದಾರೆ.

ಇಂಥವು ಇನ್ನೂ ಇದಾವಾ ಅಂತ ಕೇಳಿದ್ರಿ, ಮರೆತಿದ್ದೆ. ಹೀಗೆ ತಗ್ಗಿನ ದನಿಯದು ನನ್ನ ಹತ್ರ ಬೇರೆ ಇಲ್ಲ. ಆದರೆ ರಿಯಲ್ ವರ್ಲ್ಡ್‌ನವರ ಉಗ್ರಾಣದಲ್ಲಿ 1990ರ ಟೇಪ್ ಒಂದು ಸಿಕ್ಕಿತ್ತು, ನಾಲ್ಕು ಕವ್ವಾಲಿ. 2024ರಲ್ಲಿ ‘ಚೇನ್ ಆಫ್ ಲೈಟ್’ ಅಂತ ಹೊರಬಂತು. ಪೂರ್ತಿ ಪಾರ್ಟಿ, ಚಪ್ಪಾಳೆ ಎಲ್ಲಾ ಇದೆ. ಕಟ್ಟಾ ಭಾಯ್, ಇದು ನಿಮಗೆ.

ಕವ್ವಾಲಿ_ಕಟ್ಟಾ · 11:55

ಬಂದ ದಿನಾನೇ ಕೇಳೀನಿ ಸಾಬ್.

ಕಾರಟಗಿ ಭಾಯ್, ನಿನ್ನೆ ಇಶಾ ನಮಾಜ್ ಮುಗಿಸಿ ಬಂದು ಮನಿ ಮಾಳಿಗಿ ಮ್ಯಾಲೆ ನಿಮ್ಮ ಆಲ್ಬಂ ಹಚ್ಚಿದ್ದೆ. ಆರನೇದು ಎರಡು ಸರ್ತಿ ಕೇಳ್ದೆ. ಅಷ್ಟ ಹೇಳ್ತೀನಿ. ಸ್ಕ್ರೀನ್‌ಶಾಟ್ ತಗೀಬ್ಯಾಡ್ರಿ.

ಬಳ್ಳಾರಿ_ಬಿಸ್ಲು · 11:56

ತಗೊಂಡಾಯ್ತು.

ಕೊಪ್ಪಳದಕ್ಕ · 11:59

ಆರನೇದಕ್ಕ ನಮ್ಮ ಅತ್ತಿ ಎದ್ದು ಕುಂತು ‘ಯಾರು ಅಳಾಕಹತ್ಯಾರ’ ಅಂದ್ರು.

ಗಂಗಾವತಿ_ಸೋನಾ · 12:04

ರಾಶಿ ಹೋತೇನಣ್ಣ?

ರಾಶಿ_ಕಾವಲು · 12:09

ನಾಳಿಗಿ ಲೋಡ್. ರೇಟ್ ಕೇಳಬ್ಯಾಡ. ಈಗ ಮೋಡ ಆಗೇತಿ, ತೆಂಕಣ ಕಡೆ ಮಿಂಚತೈತಿ. ಕಾಕಾ ಅಲ್ಲಿಂದ ಬ್ಯಾಟರಿ ಬಿಟ್ಟು ಕರಿಯಾಕಹತ್ಯಾನ, ತಾಡಪಾಲು ಎಳೀಬೇಕು. ಬರ್ತೀನಿ.